ಏಳನೇ ಸಾಲಿನ ಕಾಲರು

ಒಂದು ಪಟ್ಟಣದಲ್ಲೊಬ್ಬ ಧಣಿ, ಅವನದೊಂದು ಗಾರ್ಮೆಂಟ್ಸ್. ದುಷ್ಟನಲ್ಲ. ಗಮನವಿಟ್ಟು ಕೇಳಿ ತಾಯಂದಿರೇ, ಅವನು ದುಷ್ಟನಲ್ಲ. ಒಂದು ಅಂಗಿಗೆ ತನಗೆಷ್ಟು ಬೀಳುತ್ತದೆ ಎಂದು ತಿಳಿಯಬೇಕಿತ್ತು, ಅಷ್ಟೇ.

ಅದಕ್ಕೆಂದೇ ಕಂಪ್ಯೂಟರಿನಲ್ಲಿ ಹೊಸ ವ್ಯವಸ್ಥೆ ಬಂತು. ಒಟ್ಟು ಖರ್ಚನ್ನು ಅಂಗಿಗಳಿಗೆ ಹಂಚಿ ಒಂದು ಅಂಕಿ ಕೊಡುತ್ತದೆ. ಆ ಅಂಕಿಯನ್ನು ಒತ್ತಿದರೆ ಹೊಲಿಗೆ ಯಂತ್ರಗಳ ಯಾವ ಸಾಲಿನಲ್ಲಿ ಎಷ್ಟು ಎಂದು ತೆರೆಯುತ್ತದೆ. ಸಾಲನ್ನು ಒತ್ತಿದರೆ ತೋಳಿಗೆಷ್ಟು, ಕಾಲರಿಗೆಷ್ಟು. ಇನ್ನೂ ಒತ್ತಿದರೆ, ನೋಡಿ, ಹೊಲಿದವಳ ಹೆಸರು.

ಒಂದು ತಿಂಗಳು ಏಳನೇ ಸಾಲಿನ ಅಂಗಿ ಉಳಿದವಕ್ಕಿಂತ ಒಂದು ರೂಪಾಯಿ ಅಗ್ಗವಾಗಿತ್ತು. "ಯಾಕಂತ ಒಳಗಿಳಿದು ನೋಡಮ್ಮ," ಎಂದ ಧಣಿ, ಲೆಕ್ಕ ನೋಡುವವಳಿಗೆ. ಬಿ.ಕಾಂ. ಓದಿದವಳು, ಅಂಜುಬುರುಕಿ. ಒತ್ತುತ್ತಾ ಇಳಿದಳು. ಏಳನೇ ಸಾಲು, ಕಾಲರು, ಚಿಕ್ಕತಾಯಮ್ಮ. ಊಟದ ಬಿಡುವಲ್ಲದೆ ಯಂತ್ರ ಬಿಟ್ಟು ಎದ್ದ ನಿಮಿಷಗಳು: ಸೊನ್ನೆ. ಇಪ್ಪತ್ತಾರು ದಿನವೂ ಸೊನ್ನೆ.

ಮನುಷ್ಯರಿಗೆ ಅದು ಸಾಧ್ಯವೇ? ಊಟದ ಹೊತ್ತಿನಲ್ಲಿ ಹುಡುಕಿಕೊಂಡು ಹೋದಳು.

"ಅಕ್ಕ, ನೀರಿನ ಬಾಟ್ಲಿ ತರಲ್ವ ನೀವು?"

"ಕುಡುದ್ರೆ ಎದ್ದೋಗ್ಬೇಕಲ್ಲವ್ವ," ಚಿಕ್ಕತಾಯಮ್ಮ ನಕ್ಕಳು. "ಕಾಲರ್ನೋಳು ಎದ್ರೆ ಸಾಲೇ ನಿಂತೋಯ್ತದೆ. ಸೂಪರ್‌ವೈಸರ್ರು ಎಲ್ರೆದುರ್ಗೂ ಕೇಳ್ತನೆ, ಏನಮ್ಮ, ಮೈಸೂರ್ಗೋಗಿದ್ದಾ ಅಂತ. ಊಟದೊತ್ನಲ್ಲಿ ನೋಡು, ನಾಕ್ ಕಕ್ಕಸ್ಗೆ ನಾನೂರ್ ಜನ."

"ನೋವಾಗಲ್ವ?"

"ಸೊಂಟದ್ ಪಕ್ಕ ಕುಯ್ತದೆ. ಉರಿ ಬ್ಯಾರೆ. ಯಾರ್ಗೂ ಯೇಳ್ಬ್ಯಾಡ ಕನವ್ವ, ಕೆಲ್ಸ ಬಿಡುಸ್ಬುಟ್ಟಾರು."

"ಇಲ್ಲಕ್ಕ, ಹೇಳಲ್ಲ."

"ಏನಮ್ಮ ಗುಟ್ಟು?" ಲೆಕ್ಕದವಳು ಆಫೀಸಿಗೆ ಮರಳಿದಾಗ ಧಣಿ ಕೇಳಿದ.

ಅವಳು ಬಾಯಿ ತೆರೆದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಕೆಲಸ ಹೋಗುವುದು ಚಿಕ್ಕತಾಯಮ್ಮನದೋ, ತನ್ನದೋ? "ಕೈ ಚುರುಕು, ಸರ್," ಎಂದಳು.

"ಹಾಗಾದ್ರೆ ಎಲ್ಲಾ ಸಾಲಿಗೂ ಇದೇ ಗುರಿ ಹಾಕು." ಹಾಕಿದಳು. ಅವಳ ಕೈಯಿಂದಲೇ ಹಾಕಿದಳು.

ಏಳು ತಿಂಗಳ ಮೇಲೆ ಚಿಕ್ಕತಾಯಮ್ಮ ಯಂತ್ರದ ಮೇಲೇ ಒರಗಿದಳು. ಸೋಂಕು ಎರಡೂ ಮೂತ್ರಪಿಂಡಗಳನ್ನು ತಿಂದುಹಾಕಿತ್ತು. ಹದಿಮೂರನೇ ದಿನ ಹೋಗಿಬಿಟ್ಟಳು. ಆಸ್ಪತ್ರೆಯ ಖರ್ಚನ್ನು ಧಣಿಯೇ ಕೊಟ್ಟ. "ಹೀಗಿದೆ ಅಂತ ಯಾರಿಗಾದ್ರೂ ಗೊತ್ತಿತ್ತಾ?" ಎಂದು ಆಫೀಸಿನಲ್ಲಿ ಎಲ್ಲರನ್ನೂ ಕೇಳಿದ. ಲೆಕ್ಕದವಳು ಪರದೆಯಿಂದ ಕಣ್ಣೆತ್ತಲಿಲ್ಲ. ಹೇಳಬೇಡ ಎಂದವಳು ಚಿಕ್ಕತಾಯಮ್ಮನೇ ಅಲ್ಲವೇ? ಕೊಟ್ಟ ಮಾತು ಅಲ್ಲವೇ? ಇನ್ನು ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿದ್ದಳು.

ಮನಸ್ಸಿನಲ್ಲೇ ಅವಳನ್ನು ಬೈಯುತ್ತಿದ್ದೀರಿ. ಬೈಯಿರಿ. ಬೈದಾದ ಮೇಲೆ ಇದಕ್ಕೊಂದು ಉತ್ತರ ಕೊಡಿ. ನಿಮ್ಮಲ್ಲಿ ಪಾತ್ರೆ ಬೆಳಗುವವಳು ಏಳಕ್ಕೆ ಬಂದು, ನಾಲ್ಕು ಮನೆ ಮುಗಿಸಿ, ಮಧ್ಯಾಹ್ನ ಒಂದಕ್ಕೆ ಹಿಂತಿರುಗುತ್ತಾಳೆ. ಆ ಆರು ಗಂಟೆ ಅವಳು ಎಲ್ಲಿಗೆ ಹೋಗುತ್ತಾಳೆ? ಯಾರ ಮನೆಯ ಬಚ್ಚಲಿಗೆ? ನಿಮ್ಮದನ್ನು ದಿನವೂ ತಿಕ್ಕಿ ತೊಳೆಯುತ್ತಾಳೆ. ಒಂದು ದಿನವಾದರೂ ಕೇಳಿದ್ದೀರಾ? ಕೇಳಿಲ್ಲ. ನಾನೂ ಬಹಳ ವರ್ಷ ಕೇಳಿರಲಿಲ್ಲ.

ನಾಳೆ ಬೆಳಿಗ್ಗೆ ಅವಳಿಗೊಂದು ಲೋಟ ನೀರು ಕೊಡಿ, ನೀವು ಕುಡಿಯುವ ಲೋಟದಲ್ಲೇ. ಆಮೇಲೆ ಬಚ್ಚಲಿನ ಬಾಗಿಲು ತೋರಿಸಿ, ಬೇಕಾದಾಗ ಹೋಗು ಎನ್ನಿ. ಬೇಡಮ್ಮ ಎನ್ನುತ್ತಾಳೆ. ನಾಡಿದ್ದೂ ಹೇಳಿ.