ನಾಳೆ ಬ್ರೇಕ್ ಇನ್ಸ್‌ಪೆಕ್ಟರ್ ಬತ್ತನೆ

ಬರಕಿಲ್ಲ ಅಂದ್ನೇನ್ಲಾ ನಾನು? ಬರಕಿಲ್ಲ ಅನ್ನಿಲ್ಲ. ಯೋಚ್ನೆ ಮಾಡಣ ಅಂದೆ, ಅಷ್ಟೇಯ. ಕೂತ್ಕ ಬಿಳಿಗಿರಿ. ಆ ಬ್ಯಾಟ್ರಿ ಮ್ಯಾಲಲ್ಲ, ಪ್ಯಾಂಟ್ ಸುಟ್ಟೋದದು! ಸ್ಟೂಲ್ ಎಳ್ಕ. ಟೀ ತರುಸ್ಲಾ? ಬ್ಯಾಡ್ವಾ... ಆಯ್ತು, ಬ್ಯಾಡ.

ಅಲ್ಲ ಕಣ್ಲಾ, ನಾನು ಲಾರಿ ವೈರಿಂಗ್ ಮಾಡ್ಕಂಡು ಬದುಕೋನು. ನಾಳೆ ಬ್ರೇಕ್ ಇನ್ಸ್‌ಪೆಕ್ಟ್ರು ಪೊಲೀಸ್ ಸ್ಟೇಷನ್ನಿಗೆ ಬಂದು ನಿನ್ ಟಿಪ್ಪರ್ ನೋಡೊತ್ಗೆ ನಾನು ಪಕ್ಕದಲ್ಲಿ ನಿಂತ್ಕಂಡು, "ಸಾ, ಇದ್ಕೆ ಸ್ಪೀಡ್ ಗವರ್ನರ್ ಅದೆ, ನಾನೇ ನೋಡಿ ಕಳ್ಸಿದ್ದು, ಅರವತ್ರ ಮ್ಯಾಲೆ ಓಗಕಿಲ್ಲ, ಬಿಳಿಗಿರಿ ಸುಳ್ಳೇಳ್ತಿಲ್ಲ" ಅನ್ಬೇಕು. ಅಷ್ಟೇ ತಾನೆ? ಏಳದು ಸಲೀಸು ಕಣಪ್ಪ. ಆಮೇಲೆ ಅವ್ನು ನೂರೆಂಟು ಕೇಳ್ತನೆ!

ಪೆಟ್ರೋಲ್ ಬಂಕಿನ ಕ್ಯಾಮ್ರಾ ಎಂಬತ್ತೈದು ಅಂತದೆ. ಟಾರಿನ ಮ್ಯಾಲೆ ಬಿದ್ದಿರೋ ಟೈರ್ ಗೆರೇನ ಟೇಪ್ ಇಡ್ದು ಅಳ್ದವ್ರೆ. ನೀನು ಮಾತ್ರ ಮೂರು ದಿನದಿಂದ ಒಂದೇ ರಾಗ... "ಅರವತ್ತು ಸಾ, ಅರವತ್ತು." ಯಾರ್ಲಾ ನಂಬ್ತರೆ? ಬೇಲ್ ಮ್ಯಾಲೆ ಬುಟ್ಟಿದ್ದೇ ದೊಡ್ಡದು. ಸ್ಟೇಷನ್ನಲ್ಲಿ ನಿನ್ ಕಂಡ್ರೆ ನಗ್ತರಂತೆ.

ಅಲ್ಲಾ, ಟಿಪ್ಪರ್ಗೆ ಅರವತ್ತೇ ಅಂತ ಮಾಡ್ದೋನ್ ಯಾರು ಅಂತೀನಿ! ಅವ್ನೇನಾರ ಅನೂರ್ ರೋಡಲ್ಲಿ ಟಿಪ್ಪರ್ ಓಡ್ಸವ್ನಾ? ಬಂಡಳ್ಳಿ ಕಡೆಯಿಂದ ಜಲ್ಲಿ ತುಂಬ್ಕಂಡು ದಿನುಕ್ ಐದು ಟ್ರಿಪ್ ಒಡಿ ಅಂತರೆ ನಿಮ್ ಓನರ್ ಮಲ್ಲಿಕಾರ್ಜುನಸ್ವಾಮಿ. ಅರವತ್ರಲ್ಲಿ ನಾಕೂ ಆಗಕಿಲ್ಲ. ಇಂದೆ ಬಸ್ಸು, ಪಕ್ದಲ್ಲಿ ಕಾರು, ಆರನ್ ಒಡ್ದು ಒಡ್ದು ಪ್ರಾಣ ತೆಗೀತರೆ. ಯಾಕ್ ನಗ್ತೀಯೆ? ಸುಳ್ಳಾ ನಾನ್ ಏಳದು? ಅದ್ಕೇ ಕೊಳ್ಳೇಗಾಲದಲ್ಲಿ ಯಾರೂ ಇಟ್ಕಳಕಿಲ್ಲ ಆ ಗವರ್ನರ್ನ. ಆರ್‌ಟಿಓ ಆಫೀಸಿಗೆ ಎಫ್‌ಸಿಗೆ, ಫಿಟ್‌ನೆಸ್ ಸರ್ಟಿಫಿಕೇಟ್ಗೆ, ಗಾಡಿ ಓಯ್ತದೆ ಅಂದ್ರೆ ಇಂದಿನ್ ದಿನ ವೈರ್ ಕೂಡುಸ್ತೀವಿ. ಎಫ್‌ಸಿ ಆಯ್ತು ಅಂದ್ರೆ ಸಂಜೆಗೇ ಕತ್ತರುಸ್ತೀವಿ. ನಾನೊಬ್ನೇ ಅಲ್ಲ, ಈ ಸಾಲಿನ ಸೆಡ್‌ನೋರೆಲ್ಲ ಅಷ್ಟೇಯ...

ಏನು? ನಿಂದು ಅಂಗಲ್ವಾ?

ನಿಂದು ಅಂಗಲ್ಲ ಅಂತ ಗೊತ್ತು ಕಣಪ್ಪ. ಇಡೀ ತಾಲ್ಲೂಕಿಗೆ ನೀನೊಬ್ನೇ, "ಇರ್ಲಿ ಬುಡಣ್ಣ, ನನ್ ಕಾಲು ಭಾರ, ಅದೇ ಇಡ್ಕಳ್ಳಿ" ಅಂದೋನು. ಆಕ್ಸಲೇಟ್ರು ತಳುಕ್ ಮುಟ್ಸಿ ಆರಾಮಾಗ್ ಕೂತ್ಕತಿದ್ದೆ, ಗಾಡಿ ತಾನಾಗೇ ಅರವತ್ರಲ್ಲಿ ನಿಂತ್ಕತಿತ್ತು. ಡ್ರೈವರ್‌ಗಳೆಲ್ಲ ಆಡ್ಕತಿದ್ರು ನಿನ್ನ. ನಾನೂ ಆಡ್ಕತಿದ್ದೆ.

ನಿನ್ ಗಾಡಿಗ್ ಸಿಕ್ಕಿದ್ ಪುಟ್ಟಮಲ್ಲಮ್ಮಂದೂ ತಪ್ಪದೆ, ಏಳ್ಬುಡ್ತೀನಿ. ಮಧುವನಳ್ಳಿ ದಾಟ್ಕಂಡ್ರೆ ಟಾರ್ ರೋಡ್ ತುಂಬ ಉಳ್ಳಿಕಾಳಿನ ಗಿಡ ಅರವಿ... ಲಾರಿ ಬಸ್ಸು ಮ್ಯಾಲತ್ತಿ ಕಾಳು ಉದುರ್ಲಿ ಅಂತ... ಕವೆಗೋಲ್ ಇಡ್ಕಂಡು ನಡೂ ರೋಡಲ್ಲಿ ತಿರುಗುಸ್ತಾ ನಿಂತ್ಕಂಡ್ರೆ! ಎಲ್ರೂ ಆಕ್ತರೆ, ಗೊತ್ತು. ನಮ್ಮವ್ವನೂ ಆಕ್ತಿದ್ಲು. ಆದ್ರೆ ಆ ಸೊಪ್ಪಿನ ಮ್ಯಾಲೆ ಬ್ರೇಕ್ ಒಡುದ್ರೆ ಚಕ್ರ ನಿಂತದೆ, ಗಾಡಿ ನಿಲ್ಲಕಿಲ್ಲ. ಜಾರ್ಕಂಡ್ ಓಯ್ತಾನೇ ಇರ್ತದೆ. ಅರವತ್ರಲ್ಲಾಗಿದ್ರೆ ಆಯಮ್ಮ ಅತ್ಲಾಗ್ ಸರ್ಕಳಕೆ ಟೈಮ್ ಸಿಕ್ಕದೋ ಏನೋ...

ಅಳ್ಬ್ಯಾಡ. ಲೇ, ಅಳ್ಬ್ಯಾಡ ಕಣ್ಲಾ. ಆಯಮ್ಮ ಓದ್ಲು, ತಿರ್ಗಿ ಬರಕಿಲ್ಲ. ನಿನ್ ಬದುಕ್ ನೋಡ್ಕ ಈಗ. ನಿನ್ನೆಂಡ್ತಿ ಕುಸುಮ ಏಳು ತಿಂಗ್ಳ ಬಸ್ರಿ. ನೀನ್ ಜೈಲ್ಗೋದ್ರೆ ಅವ್ಳ್ ಗತಿ?

ಅದ್ಕೇ ನನ್ ಮಾತ್ ಕೇಳು. ನಾನ್ ಬಂದು ಸಾಕ್ಷಿ ಏಳುದ್ರೆ ಇನ್ನೂ ಕೆಡ್ತದೆ. ಈ ಅರವತ್ತು ಅನ್ನದ ಬುಟ್ಬುಡು. ಕೈ ಮುಗ್ದು, "ತಪ್ಪಾಯ್ತು ಸಾ, ಟ್ರಿಪ್ಪಿಗೆ ಟೈಮಾಗಿತ್ತು, ಗವರ್ನರ್ ವೈರು ನಾನೇ ಕತ್ತರುಸ್ಕಂಡೆ" ಅಂತ ಒಪ್ಕಂಬುಡು. ಓನರ್ ಲಾಯರ್ ಇಡ್ತರೆ. ಲೈಸೆನ್ಸು ವರ್ಸವೋ ಎರಡ್ ವರ್ಸವೋ ಓಗ್ಬೋದು, ಓಗ್ಲಿ...

ಏನ್ಲಾ? ಯಾಕಂಗ್ ನೋಡ್ತೀಯೆ?

ವೈರ್ ಕತ್ತರುಸೋಗ್ಯದೆ ಅಂತ ನಂಗ್ಯಾರ್ ಏಳುದ್ರು ಅಂತನಾ? ಯಾರು... ಅದೇ, ಪೊಲೀಸ್ನೋರು... ಗವರ್ನರ್ ಪೆಟ್ಗೆ ಇನ್ನೂ ಬಿಚ್ಚೇ ಇಲ್ವಾ? ನಾಳೆ ಇನ್ಸ್‌ಪೆಕ್ಟ್ರು ಬಂದ್ಮೇಲೇ ಬಿಚ್ಚದಾ?

ಊಂ... ಅಲ್ಲ, ನಾನು ಅಂದಾಜಲ್ಲಿ ಅಂದೆ ಕಣ್ಲಾ! ಎಂಬತ್ತೈದು ಓಗ್ಯದೆ ಅಂದ್ರೆ ಕತ್ತರುಸೋಗಿರ್ಲೇಬೇಕಲ್ವಾ? ಇಲಿ ಕಡ್ದಿರ್ಬೋದು. ಇಲಿ ಕಡ್ದಿರೋ ವೈರು ಎಷ್ಟ್ ನೋಡಿವ್ನಿ ನಾನು! ದಿನಾ ಒಂದ್ ಬತ್ತದೆ ಸೆಡ್ಡಿಗೆ. ಇಲಿಗೇನ್ ಗೊತ್ತು, ಯಾವ್ ವೈರು ಯಾವ್ದು ಅಂತ...

ಆ ವೈರ್ ಚೂರು ಕೆಳುಕ್ ಆಕ್ಲಾ.

ಬಿಳಿಗಿರಿ.

ಓನರ್ ಫೋನ್ ಮಾಡುದ್ರು ಕಣ್ಲಾ. ಅವತ್ತು ನೀನು ಚಾಮ್ರಾಜ್‌ನಗರದಲ್ಲಿ ಎಫ್‌ಸಿ ಮುಗುಸ್ಕಂಡು ಯಳಂದೂರ್ ಮ್ಯಾಲೆ ಬತ್ತಿದ್ದೆ, ಅಷ್ಟೊತ್ಗೇ ಫೋನು. "ಶಾಂತಮೂರ್ತಿ, ಗಾಡಿ ಬಂದೇಟ್ಗೆ ವೈರ್ ಕಟ್ ಮಾಡು. ಅವ್ನಿಗ್ ಏಳ್ಬ್ಯಾಡ. ಏಳುದ್ರೆ ಎದ್ರುಕಂಡು ಕಾಲ್ ಎತ್ಬುಡ್ತನೆ. ಗೊತ್ತಿಲ್ದಿದ್ರೆ ಎಂದಿನಂಗೇ ತುಳೀತನೆ, ಟ್ರಿಪ್ ಆಯ್ತದೆ" ಅಂದ್ರು. ನಾನು ಬ್ಯಾಡ ಸಾ ಅಂದೆ...

ಅನ್ನಿಲ್ಲ. ಅನ್ನಿಲ್ಲ ಕಣ್ಲಾ. ಆಯ್ತು ಸಾ ಅಂದೆ.

ದಿನಾ ಮಾಡೋ ಕೆಲ್ಸ, ಎರಡ್ ನಿಮ್ಸ ಸಾಕು. ನೀನು ಆಚೆ ಬಾಳೆಅಣ್ ತಿಂತಾ ನಿಂತಿದ್ದೆ. ನಾನು ಕಟಿಂಗ್ ಪ್ಲೇಯರ್ ತಕಂಡು ಕತ್ತರುಸ್ದೆ, ಟೇಪ್ ಸುತ್ತಿ ಒಳಿಕ್ ತಳ್ದೆ. ಸ್ಪೀಡ್ ತೋರ್ಸೋ ಮುಳ್ಳೂ ಸತ್ತೋಯ್ತು, ಎರಡ್ಕೂ ಅದೇ ವೈರು. ಖಾಲಿ ಗಾಡಿ, ಮುಂದುಕ್ಕೂ ಇಂದುಕ್ಕೂ ಒಸ ಟೈರು, ತೇಲ್ಕಂಡ್ ಓಯ್ತದೆ, ಮುಳ್ಳಿಲ್ದೆ ನಿಂಗೆ ಗೊತ್ತಾಗಕಿಲ್ಲ ಅಂತ ನಂಗ್ ಗೊತ್ತಿತ್ತು. ಗೊತ್ತಿತ್ತು! ನೀನು ಕ್ಯಾಬಿನ್ನಿಂದ ಬಗ್ಗಿ, "ಅಣ್ಣ, ಮುಳ್ಳು ಆಡ್ತಿಲ್ವಲ್ಲ" ಅಂತ ಕೇಳ್ದೆ. ಆಗ್ಲೂ ಏಳ್ಬೋದಿತ್ತು ಒಂದ್ ಮಾತ...

ಏಳ್ಬ್ಯಾಡ, ಕೂತ್ಕ. ಎಲ್ಲಿಗ್ ಓಯ್ತೀಯೆ? ಬೈದಾದ್ರೂ ಓಗ್ಲಾ! ಕೆನ್ನೆಗ್ ಎರಡ್ ಬುಟ್ಟು ಓಗು!

ನಿಂಗ್ ನೆಪ್ಪದೆ ಅಲ್ವಾ, ನಾನು ಆಗ ಏನಂದೆ ಅಂತ? ಮೂರು ದಿನದಿಂದ ಪೊಲೀಸ್ನೋರ್ ಮುಂದೆ ನೀನ್ ಏಳ್ತಾ ಇರದು ನನ್ ಮಾತೇ ಕಣ್ಲಾ. "ಮುಳ್ ಯಾಕ್ಲಾ ನಿಂಗೆ? ಗವರ್ನರ್ ಇಡ್ಕತದೆ, ಕಾಲ್ ಎತ್ಬ್ಯಾಡ, ಓಗು" ಅಂತ ಬಾಗ್ಲು ತಟ್ಟಿ ಕಳಿಸ್ದೋನು ನಾನೇಯ.