ಸ್ವಿಚ್ಚಿನ ಬಳಿ ನಿಂತಿದ್ದ ಹುಡುಗಿ

ಒಂದು ಊರಿನಲ್ಲಿ ಒಬ್ಬ ಹೆಡ್‌ಮಾಸ್ತರರಿದ್ದರು. ಶ್ರೀಮಂತರಲ್ಲ. ಪ್ರವಚನದ ಕಥೆಯಲ್ಲಿ ಯಾವಾಗಲೂ ಶ್ರೀಮಂತನೇ ತಪ್ಪು ಮಾಡಬೇಕೇನು? ಇವರು ಒಳ್ಳೆಯವರು. ನೋಡಿ, ಅದಕ್ಕೇ ಈ ಕಥೆ. ಕೆಟ್ಟವರು ಮಾಡುವ ಕೆಡುಕು ಎಲ್ಲರಿಗೂ ಕಾಣಿಸುತ್ತದೆ. ಒಳ್ಳೆಯವರು ಒಳ್ಳೆಯದಕ್ಕೆಂದೇ ಮಾಡುವ ಕೆಡುಕು ಇದೆಯಲ್ಲ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲೆ ಚಪ್ಪಾಳೆ ಬೇರೆ.

ಸಂಗನಬಸಪ್ಪ ಮಾಸ್ತರು ಎಂದು ಅವರ ಹೆಸರು. ಊರು ನೇಕಾರರದು. ಕೈಮಗ್ಗ ಹೋಗಿ ಮನೆಮನೆಗೂ ಪವರ್‌ಲೂಮ್ ಬಂದಿತ್ತು. ಬೆಳಗಾದರೆ ಸಾಕು, ಓಣಿ ಓಣಿಯಲ್ಲೂ ಖಟ್‌ಖಟಾ ಖಟ್‌ಖಟಾ. ಶಾಲೆಯ ಕಂಪೌಂಡಿಗೆ ಹತ್ತಿಕೊಂಡೇ ಒಂದು ದೊಡ್ಡ ಮಗ್ಗದ ಶೆಡ್ಡು. ಊರವರಿಗೆ ಅದು ಸಪ್ಪಳವೇ ಅಲ್ಲ. ಕರೆಂಟು ಹೋಗಿ ಅದು ನಿಂತಾಗಲೇ ಜನ ಬೆಚ್ಚಿ ತಲೆ ಎತ್ತುತ್ತಿದ್ದರು.

ಆ ವರ್ಷ ಮಾಸ್ತರರಿಗೆ ಒಂದು ಚಡಪಡಿಕೆ ಹತ್ತಿತು. ಬಸ್‌ಸ್ಟ್ಯಾಂಡಿನ ಹಿಂದೆ ಬೇರೆ ಶಾಲೆಯ ಮಕ್ಕಳು ಅಮಲಿನಲ್ಲಿ ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದರು. ಕುಂತರೆ ಅದೇ, ನಿಂತರೆ ಅದೇ. ನನ್ನ ಶಾಲೆಯೊಳಗೆ ಇದು ಕಾಲಿಡಬಾರದು. ಗೋಡೆಯ ಮೇಲೆ ಬರೆಸಿದರು, ಮಕ್ಕಳಿಂದ ಪ್ರತಿಜ್ಞೆ ಮಾಡಿಸಿದರು, ಬ್ಯಾನರು ಹಿಡಿಸಿ ಜಾಥಾ ತೆಗೆಸಿದರು. ಸೋಮವಾರಕ್ಕೊಮ್ಮೆ ಬ್ಯಾಗು ತಪಾಸಣೆ. ಮಕ್ಕಳ ಮೇಲೆ ಜೀವ ಇದ್ದವರೇ ಇಷ್ಟು ಮಾಡುವುದು, ಅಲ್ಲವೇ?

ಹಾಗೊಂದು ಸೋಮವಾರ ಒಂಬತ್ತನೆಯ ತರಗತಿಯ ಬನಶ್ರೀ ಎಂಬ ಹುಡುಗಿಯ ಬ್ಯಾಗಿನಲ್ಲಿ ಕೆಮ್ಮಿನ ಔಷಧದ ಮೂರು ಬಾಟಲಿ ಸಿಕ್ಕವು. ಎರಡು ಖಾಲಿ. ಹುಡುಗಿಗೆ ಕೆಮ್ಮೂ ಇಲ್ಲ, ನೆಗಡಿಯೂ ಇಲ್ಲ.

ಅಮಲಿಗೆಂದು ಮಕ್ಕಳು ಕುಡಿಯುವುದು ಇದನ್ನೇ ಎಂದು ಮಾಸ್ತರರಿಗೆ ಗೊತ್ತಿತ್ತು. ಕೊನೆಗೂ ಬಂತಲ್ಲ! ಅದೇ ಬಾಟಲಿ ಹಿಡಿದು ಹುಡುಗಿಯನ್ನು ಪ್ರಾರ್ಥನೆಯ ಕಟ್ಟೆಗೆ ಹತ್ತಿಸಿದರು. ಮುಂದೆ ಐನೂರು ಮಕ್ಕಳು.

“ಏನಿದು? ಯಾರ ಕೊಟ್ರು? ಎಷ್ಟ ದಿನಾ ಆತು ಕುಡ್ಯಾಕ ಹತ್ತಿ? ನಿಮ್ಮ ಅಪ್ಪ ಅವ್ವ ದುಡದು ಸಾಲಿಗೆ ಕಳಸೂದು ಇದಕ್ಕೇನು?”

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಮಾಸ್ತರರು ಕರಗುತ್ತಿದ್ದರೋ ಏನೋ. ಅವಳು ಶೆಡ್ಡಿನ ಗೋಡೆಯ ಕಡೆ ಒಮ್ಮೆ ನೋಡಿ, ಕಾಲ ಬೆರಳು ನೋಡುತ್ತ ನಿಂತಳು.

“ನೋಡ್ರಿ ಎಲ್ಲಾರೂ! ಕಲ್ಲಿನಂಗ ನಿಂತಾಳ. ಮನಿಗೆ ನಡಿ. ನಿಮ್ಮ ಅಪ್ಪನ್ನ ಕರಕೊಂಡ ಬಾ, ಇಲ್ಲಾಂದ್ರ ಬರಬ್ಯಾಡ.”

ಅವಳು ಬರಲಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ. ಊರಿನಲ್ಲಿ ಮಾತ್ರ ಮಾಸ್ತರರಿಗೆ ಭಾರೀ ಹೆಸರು. ಚಹಾದಂಗಡಿಯಲ್ಲಿ ಜನ ಎದ್ದು ನಿಂತು ಅವರಿಗೆ ಕೈ ಮುಗಿದರು. ಆದರೆ ನೋಡಿ, ಬಂದ ಹೆಸರು ಒಳಗಿಳಿಯಲಿಲ್ಲ. ಪಾಠ ಮಾಡುತ್ತ ಅರ್ಧ ವಾಕ್ಯಕ್ಕೆ ನಿಂತುಬಿಡುವರು. ಆಫೀಸಿಗೆ ಬಂದು ಕುರ್ಚಿಯಲ್ಲಿ ಕೂತು, ಯಾಕೆ ಬಂದೆನೆಂದು ಮರೆತು, ಮತ್ತೆ ಏಳುವರು. ಕಡೆಗೆ, ಇದೊಂದು ಮುಗಿದರೆ ನೆಮ್ಮದಿಯಾದೀತು ಎಂದು ಬನಶ್ರೀಯ ಟಿ.ಸಿ. ಬರೆದರು. ನೆಮ್ಮದಿ ಬರಲಿಲ್ಲ.

ಅಂದು ಮಧ್ಯಾಹ್ನ ಶಾಲೆಯ ಬಿಸಿಯೂಟ ಮಾಡುವ ಮಾಬೂಬಿ ಆಫೀಸಿನ ಬಾಗಿಲಲ್ಲಿ ಬಂದು ನಿಂತಳು.

“ಸರ, ಸಿಟ್ಟಾಗಬ್ಯಾಡ್ರಿ. ಒಂದ ಮಾತ ಕೇಳಲೇನ್ರಿ?”

“ಕೇಳು.”

“ಆ ಬನಶ್ರೀ ಊಟಕ್ಕ ಕುಂತಾಗ ಎಂದೂ ಶೆಡ್ಡಿನ ಗ್ವಾಡಿ ಕಡೆ ಕುಂತಾಕಿ ಅಲ್ರಿ. ನೆರಳ ಬಿಟ್ಟು ಬಿಸಲಾಗ ಹೋಗಿ ಕುಂಡ್ರತಾಳ. ಕಿವಿಯಾಗ ಹತ್ತಿ ತುರಕ್ಕೊಂಡಿರತಾಳ. ಯಾಕಬೇ ಅಂತ ಕೇಳಿದ್ನಿ. ‘ಏನಿಲ್ಲ ಚಾಚಿ’ ಅಂದ್ಲು. ನಾ ಕಲಿಲಾರದಾಕಿ, ನನಗ ಹೇಳಲಿಲ್ಲ. ನೀವೇನರ ಕೇಳೀರೇನ್ರಿ?”

ಮಾಸ್ತರರು ಕೇಳಿದ್ದರು. ಯಾರು ಕೊಟ್ಟರು, ಎಷ್ಟು ದಿನದಿಂದ ಕುಡಿಯುತ್ತಿದ್ದೀ, ಎಲ್ಲವನ್ನೂ ಕೇಳಿದ್ದರು. ಮಾಬೂಬಿ ಕೇಳಿದ ಆ ಒಂದು ‘ಯಾಕೆ’ ಮಾತ್ರ ಅವರ ಬಾಯಿಗೆ ಬಂದಿರಲೇ ಇಲ್ಲ.

ಶಾಲೆ ಬಿಟ್ಟ ಮೇಲೆ ಟಿ.ಸಿ. ಜೇಬಿನಲ್ಲಿಟ್ಟುಕೊಂಡು ಅವಳ ಮನೆಗೆ ಹೋದರು. ಕೊಡಬೇಕೆಂದೋ ಕೊಡಬಾರದೆಂದೋ, ಅವರಿಗೇ ಗೊತ್ತಿರಲಿಲ್ಲ.

ಆ ಓಣಿಯಲ್ಲಿ ಎಲ್ಲ ಮನೆಯ ಮಗ್ಗಗಳೂ ಓಡುತ್ತಿದ್ದವು. ಆ ಮನೆಯದೊಂದು ನಿಂತಿತ್ತು, ಮೇಲೆ ಹಳೆಯ ಚಾದರ ಹೊದಿಸಿದ್ದರು. ಹುಡುಗಿಯ ತಂದೆ ಬೇರೆಯವರ ಶೆಡ್ಡಿಗೆ ಕೂಲಿಗೆ ಹೋಗಿದ್ದ. ಅವಳ ತಾಯಿ ಶಂಕ್ರವ್ವ ನೆಲದ ಮೇಲೆ ಕೂತು ಬೆಳ್ಳುಳ್ಳಿಯನ್ನು ಕಾಲ ಹೆಬ್ಬೆರಳಿಂದ ಒತ್ತಿಹಿಡಿದು ಎಡಗೈಯಲ್ಲಿ ಸುಲಿಯುತ್ತಿದ್ದಳು. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಎರಡು ವರ್ಷದ ಹಿಂದೆ ಯಾರದೋ ಕೈ ಮಗ್ಗಕ್ಕೆ ಸಿಕ್ಕಿತಂತೆ ಎಂದು ಮಾಸ್ತರರೂ ಕೇಳಿದ್ದರು. ಯಾರದು ಎಂದು ವಿಚಾರಿಸಿರಲಿಲ್ಲ.

ಹುಡುಗಿ ಒಳಬಾಗಿಲಿಗೆ ಬಂದು ನಿಂತಳು. ಮಾಸ್ತರರು ಚಾಪೆಯ ಮೇಲೆ ಕೂತರು.

“ಬನಶ್ರೀ, ನಾ ಬೈಯಾಕ ಬಂದಿಲ್ಲ. ನಿನಗ ಏನಾಗೇತವಾ?”

“ಏನಿಲ್ರಿ.”

ಇಲ್ಲಿಗೆ ಏಳುವುದು ಬಹಳ ಸುಲಭ. ಕೇಳಿದೆ, ಹೇಳಲಿಲ್ಲ, ನನ್ನ ಕೆಲಸ ಮುಗಿಯಿತು. ಮಾಸ್ತರರಿಗೂ ಕಾಲು ತುಡಿಯಿತು. ಏಳಲಿಲ್ಲ. ಚಹಾ ಬಂತು, ಆರಿತು. ಪಕ್ಕದ ಮನೆಯ ಮಗ್ಗ ಖಟ್‌ಖಟಾ ಎನ್ನುತ್ತಲೇ ಇತ್ತು. ಪ್ರತಿ ಏಟಿಗೂ ಹುಡುಗಿಯ ಭುಜ ಚೂರೇ ಚೂರು ಜಿಗಿಯುವುದನ್ನು ಅವರು ಅಂದು ಮೊದಲ ಸಲ ಕಂಡರು.

ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೆ ನಿಂತವು. ಆ ಮೌನದಲ್ಲಿ ಹುಡುಗಿ ಹೇಳಿದಳು.

“ಅವತ್ತು ನಾ ಸ್ವಿಚ್ಚಿನ ಬಾಜೂಕ ನಿಂತಿದ್ನಿ ಸರ. ಅವ್ವನ ಸೆರಗು ಮೋಟಾರದ ಪಟ್ಟಾಕ ಸಿಕ್ತು, ಸೆರಗಿನ ಜೋಡಿ ಕೈನೂ ಒಳಗ ಹೋತು. ಬಂದ್ ಮಾಡ, ಬಂದ್ ಮಾಡ ಅಂತ ಒದರಿದ್ಲು. ನನ್ನ ಕೈ ಏಳಲಿಲ್ರಿ. ಬಾಜೂ ಮನಿಯವರು ಬಂದು ಬಂದ್ ಮಾಡಿದ್ರು. ಈಗ ಎಲ್ಲಿ ಮಗ್ಗ ಓಡಿದ್ರೂ ಅದರಾಗ ಅವ್ವ ಒದರತಾಳ. ಆ ಔಷಧ ಕುಡದ್ರ ಸಪ್ಪಳ ದೂರ ಹೋಗತೈತಿ. ಅಷ್ಟಕ್ಕ ಸರ. ಮಜಾಕ್ಕಲ್ಲ.”

ಶಂಕ್ರವ್ವ ಬೆಳ್ಳುಳ್ಳಿ ಬಿಟ್ಟೆದ್ದು ಮಗಳ ಬಳಿ ಬಂದಳು.

“ಎವ್ವಾ, ನಾ ಏನ್ ತಿಳಕೊಂಡಿದ್ನಿ! ನನ್ನ ಮೋಟ ಕೈ ನೋಡಿ ನಿನಗ ಹೇಸಿಕಿ ಬರತೈತಿ, ಅದಕ್ಕ ಮಾರಿ ತಿರುವತಿ ಅಂತ ತಿಳಕೊಂಡಿದ್ನಲ್ಲ.” ಮಗಳನ್ನು ಎಡಗೈಯಿಂದ ಎಳೆದುಕೊಂಡಳು. “ಆಗ ಹನ್ನೆರಡ ವರ್ಷದ ಕೂಸು ನೀ. ಅವತ್ತು ನನ್ನ ಕೈನ ನನ್ನ ಮಾತ ಕೇಳಲಿಲ್ಲ, ನಿನ್ನ ಕೈ ಎಲ್ಲಿ ಕೇಳತೈತಿ?”

ಎರಡು ವರ್ಷ! ಒಂದೇ ಸೂರು, ಒಂದೇ ಒಲೆ, ಒಂದೇ ಚಾಪೆ. ತಾಯಿಯದೊಂದು ತಿಳಿವಳಿಕೆ, ಮಗಳದೊಂದು ತಿಳಿವಳಿಕೆ. ನಡುವೆ ಒಂದು ಮಾತು ಹುಟ್ಟಿರಲಿಲ್ಲ.

ಮಾಸ್ತರರು ತಲೆ ತಗ್ಗಿಸಿ, “ನಾಳೆ ಪ್ರಾರ್ಥನಾದಾಗ ಎಲ್ಲಾರ ಮುಂದ ನಿನ್ನ ಕ್ಷಮಾ ಕೇಳತೀನಿ” ಎಂದರು.

“ಬ್ಯಾಡ್ರಿ ಸರ,” ಎಂದಳು ಹುಡುಗಿ. “ಮತ್ತ ಎಲ್ಲಾರೂ ನನ್ನ ನೋಡತಾರ.”

ಮಾಸ್ತರರ ಪಾಲಿಗೆ ಅದೇ ಶಿಕ್ಷೆ. ಐನೂರು ಮಕ್ಕಳ ಮುಂದೆ ಮಾಡಿದ ತಪ್ಪನ್ನು ಐನೂರು ಮಕ್ಕಳ ಮುಂದೆ ತೊಳೆದುಕೊಂಡು ಹಗುರಾಗುವ ಭಾಗ್ಯ ಅವರಿಗೆ ಸಿಗಲಿಲ್ಲ. ಹೊತ್ತುಕೊಂಡೇ ಕೆಲಸ ಮಾಡಬೇಕಾಯಿತು. ಮಾಡಿದರು. ಟಿ.ಸಿ. ಹರಿದರು. ಒಂಬತ್ತನೆಯ ತರಗತಿಯನ್ನು ಶೆಡ್ಡಿನಿಂದ ದೂರದ ಕೋಣೆಗೆ ಸಾಗಿಸಿದರು. ತಾಯಿ-ಮಗಳಿಬ್ಬರನ್ನೂ ಕರೆದುಕೊಂಡು ಹೋಗಿ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಾಗಿಲಲ್ಲಿ ತಾವೂ ಬೆಂಚಿನ ಮೇಲೆ ಕೂತರು. ಕಂಡವರು, “ಹುಡುಗಿಗೆ ಹುಚ್ಚೇನ್ರಿ ಸರ?” ಎಂದರು. “ಕಾಲ ಮುರದ್ರ ಎಲುಬಿನ ಡಾಕ್ಟರ ಕಡೆ ಹೋಗತೀರಲ್ಲ, ಹಂಗ ಇದು” ಎಂದರು ಮಾಸ್ತರರು. ಸೋಮವಾರದ ತಪಾಸಣೆ ನಿಂತಿತು. ಆ ಹೊತ್ತಿಗೆ ಒಬ್ಬ ಶಿಕ್ಷಕಿ ಬೇವಿನ ಮರದ ಕೆಳಗೆ ಸುಮ್ಮನೆ ಕೂಡುವುದು, ಮಾತಾಡಬೇಕಾದ ಮಗು ಬಂದು ಮಾತಾಡುವುದು. ಮೊದಲ ತಿಂಗಳು ಒಂದು ಮಗುವೂ ಬರಲಿಲ್ಲ. ಆದರೂ ಆ ಶಿಕ್ಷಕಿ ಕೂತಳು.

ಕಥೆ ಇಲ್ಲಿಗೇ ಸುಖವಾಗಿ ಮುಗಿಯಿತು ಎಂದರೆ ನಾನು ಸುಳ್ಳು ಹೇಳಿದಂತೆ. ಮೂರನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಬನಶ್ರೀ ತಾನೇ ಆಫೀಸಿಗೆ ಬಂದು ಖಾಲಿ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟಳು.

“ಸರ, ನಿನ್ನೆ ಮತ್ತ ಕುಡದ್ನಿ.”

ಮಾಸ್ತರರ ಹಳೆಯ ನಾಲಿಗೆ ಒಳಗೇ ಹೆಡೆ ಎತ್ತಿತು. ಇಷ್ಟು ಮಾಡಿದೆನಲ್ಲ ನಿನಗಾಗಿ! ನುಂಗಿದರು. ಕುರ್ಚಿ ಎಳೆದರು.

“ಕುಂಡ್ರು. ನಿನ್ನೆ ಏನಾಗಿತ್ತು?”

ಪಕ್ಕದ ಮನೆಗೆ ಹೊಸ ಮಗ್ಗ ಬಂದಿತ್ತು. ಅವಳು ಹೇಳಿದಳು, ಅವರು ಕೇಳಿದರು. ಪೂರ್ತಿ ಬಿಡಲು ಒಂದೂವರೆ ವರ್ಷ ಹಿಡಿಯಿತು. ಬಿಟ್ಟಳು.

ಈಗ ನಮ್ಮ ಕಡೆ ಬರೋಣ. ಯಾಕೆ, ಮೈ ಕದಲಿಸುತ್ತಿದ್ದೀರಿ? ಆ ಊರು ಬೇರೆ, ಆ ಮಾಸ್ತರರು ಬೇರೆ ಎಂದುಕೊಂಡಿರಾ? ಹಿಂದಿನ ಸಾಲಿನಲ್ಲಿ ಔಷಧದ ಅಂಗಡಿಯವರು ಕೂತಿದ್ದೀರಿ, ತಲೆ ಬಗ್ಗಿಸಬೇಡಿ, ಕೇಳಿ. ಸಮವಸ್ತ್ರ ಹಾಕಿದ ಮಗು ವಾರಕ್ಕೆ ಮೂರು ಬಾಟಲಿ ಕೇಳಿದರೆ ಕೊಡಬೇಡಿ. ಬೈದು ಅಟ್ಟಲೂ ಬೇಡಿ. ಯಾರ ಮಗು ಎಂದು ವಿಚಾರಿಸಿ. ಗುರುಗಳೇ, ಕಟ್ಟೆಯ ಮೇಲೆ ಮಗುವನ್ನು ನಿಲ್ಲಿಸಿದ ದಿನ ಅದು ಚಟ ಬಿಡುವುದಿಲ್ಲ, ಶಾಲೆ ಬಿಡುತ್ತದೆ. ತಾಯಂದಿರೇ, ನೆರೆಯವರು ಏನೆಂದಾರು ಎಂದು ಆಸ್ಪತ್ರೆಯ ಮೆಟ್ಟಿಲು ಹತ್ತದೇ ಇರಬೇಡಿ.

ಇನ್ನೊಂದು, ಎಲ್ಲರಿಗೂ. ಮನೆಯಲ್ಲಿ ಒಂದು ಸಾವು, ಒಂದು ಪೆಟ್ಟು, ಒಂದು ದೊಡ್ಡ ಜಗಳ ಆದಾಗ ದೊಡ್ಡವರು ದೊಡ್ಡವರನ್ನೇ ಸಮಾಧಾನ ಮಾಡುತ್ತಾರೆ. ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡಿದ ಮಗುವನ್ನು ಕೇಳಿದವರು ಯಾರು? ಇಂದೇ ಹೋಗಿ ಕೇಳಿ. ಮಾರ್ಕ್ಸು ಕೇಳುವ ಮೊದಲು, ಬ್ಯಾಗು ತಡಕುವ ಮೊದಲು, ಪಕ್ಕದಲ್ಲಿ ಕೂತು ಕೇಳಿ. ಮಗು ಏನಿಲ್ಲ ಎನ್ನುತ್ತದೆ. ನಾಳೆ ಕೇಳಿದರೂ ಏನಿಲ್ಲ ಎನ್ನುತ್ತದೆ. ನೀವು ಕೂತಿರುವವರೋ ಎದ್ದು ಹೋಗುವವರೋ ಎಂದು ಅದು ಪರೀಕ್ಷೆ ಮಾಡುತ್ತಿರುತ್ತದೆ.

ಮೂರನೆಯ ದಿನವೂ ಹೋಗಿ ಕೂಡಿ.