ಹಿಂಬದಿ ಅವಳದು

ನಗೋದಿದ್ರೆ ಆಮೇಲೆ ನಗಿ ಅಕ್ಕ, ಮೊದಲು ಪೂರ್ತಿ ಕೇಳಿ. ನಿಮ್ಮ ತಂಗಿ ಕಣ್ಣು ಮುಚ್ಚಿದ್ದು ನನ್ನ ಕೈ ಹಿಡಿದುಕೊಂಡೇ. ಈ ಬಲಗೈ. ಎಂಥ ಹಿಡಿತ ಅಂತೀರಿ, ಎರಡು ದಿನ ಬೆರಳಿನ ಗುರುತು ಹೋಗಲಿಲ್ಲ. ಹಿಡಿದುಕೊಂಡು ಏನಂದಳು ಗೊತ್ತಾ? 'ರೀ, ಈ ಭೂಮಿ ಮೇಲೆ ಕೆರೆ ಮೇಲಿನ ಮಂಜನ್ನ ನಿಮ್ಮ ಹಾಗೆ ಚಿತ್ರ ಬರೆದವರು ಇನ್ನೊಬ್ಬರಿಲ್ಲ' ಅಂದಳು. ಅಷ್ಟೇ. ನಕ್ಕಳು, ಹೋದಳು.

ಹಾಗೆ ಕನ್ನಡಕದ ಮೇಲಿಂದ ನೋಡಬೇಡಿ. ಆ ಕೋಣೇಲಿ ಇದ್ದದ್ದು ನಾವಿಬ್ಬರೇ. ಒಬ್ಬಳು ಹೋದಳು, ಇನ್ನೊಬ್ಬ ನಿಮ್ಮೆದುರು ಸ್ಟೂಲ್ ಮೇಲೆ ಕೂತು ಹೇಳ್ತಿದ್ದಾನೆ. ನಂಬೋದು ಬಿಟ್ಟು ನಿಮಗೆ ಬೇರೆ ದಾರಿ ಇಲ್ಲ.

ಆ ಮೆಷಿನ್ ಒಂದು ಗಳಿಗೆ ನಿಲ್ಲಿಸ್ತೀರಾ? ಟಕಟಕ ಟಕಟಕ... ನಾನು ಒಂದು ಮಾತಾಡೋದರೊಳಗೆ ನೀವು ಒಂದು ತೋಳು ಹೊಲಿದು ಮುಗಿಸ್ತೀರಿ. ಹಾಂ. ಈಗ ಕೇಳಿಸುತ್ತೆ.

ಈ ಕಟ್ಟು ಬಿಚ್ಚಿ. ನಾನೇ ಬಿಚ್ಚಬಹುದಿತ್ತು, ಆದರೆ ಗಂಟು ಹಾಕಿದವಳು ನಿಮ್ಮ ತಂಗಿ. ಒಳಗಿರೋದು ಈ ಚಳಿಗಾಲದ ಚಿತ್ರಗಳು. ದಿನಕ್ಕೊಂದು. ನಿಮಗೆ ಗೊತ್ತಲ್ಲ, ಬೇಸಿಗೆ, ಮಳೆ ಎಲ್ಲ ನಾನು ಬೋರ್ಡ್ ಬರೆಯೋನು. ಏಣಿ, ಡಬ್ಬ, ಅಂಗಡಿ ಬಾಗಿಲು. ಚಳಿ ಬಿತ್ತೋ, ಬೆಳಗಿನ ಹೊತ್ತು ನಾನು ಯಾರ ಆಳೂ ಅಲ್ಲ. ಕೆರೆ ಏರಿ ಮೇಲೆ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟು, ಕಣ್ಣಿಗೆ ಬಿದ್ದದ್ದು ಬರೆಯೋದು. ನಲವತ್ತು ಚಳಿಗಾಲ, ಅಕ್ಕ. ಜ್ವರ ಬಂದಾಗಲೂ ಬಿಡಲಿಲ್ಲ, ಕಾಲು ಉಳುಕಿದಾಗಲೂ ಬಿಡಲಿಲ್ಲ. ತಪ್ಪಿಸಿದ್ದು ಒಂದೇ ಒಂದು ಬೆಳಗು. ಅವಳು ಹೋದ ದಿನ, ಇಪ್ಪತ್ತೊಂದನೇ ತಾರೀಖು. ಅವತ್ತು ಹಲಗೆ ಮುಟ್ಟಲಿಲ್ಲ. ಅವಳ ಪಕ್ಕ ಬಿಟ್ಟು ಅಲ್ಲಾಡಲಿಲ್ಲ.

ಬಂದಿದ್ದು ಯಾಕೆ ಅಂದ್ರೆ... ಹಾಳೆ ತಿರುಗಿಸಿ. ಹಿಂದೆ ಇದೆಯಲ್ಲ ಬರಹ, ಅದನ್ನ ಓದಿಸಿಕೊಳ್ಳೋಕೆ. ಮುಂಬದಿ ನನ್ನದು, ಹಿಂಬದಿ ಅವಳದು. ಮದುವೆಯಾದ ವರ್ಷದಿಂದ ನಮ್ಮ ಕರಾರು ಅದು. ನಾನು ಬರೆದು ತರ್ತಿದ್ದೆ, ಸಂಜೆ ಅವಳು ತಿರುಗಿಸಿ ಹಿಂದೆ ಒಂದು ಸಾಲು ಬರೆದು ನನಗೆ ಓದಿ ಹೇಳ್ತಿದ್ದಳು. ನಾನು ಒಂದು ದಿನವೂ ತಿರುಗಿಸಿ ನೋಡಿದವನಲ್ಲ. ನೋಡಿದರೂ ಏನು ಕಾಣುತ್ತೆ ನನಗೆ? ಅಂಕಿ ಗೊತ್ತು, ಮನೆ ನಂಬರ್ ಬರೆದೂ ಬರೆದೂ ಅಷ್ಟು ಬಂತು. ಅಕ್ಷರ ಅಂದರೆ ನನಗೆ ಚಿತ್ರ. ಗಿರಾಕಿ ಚೀಟಿ ಕೊಡ್ತಾನೆ, ಅದರಲ್ಲಿರೋ ಸುರುಳಿ ನೋಡಿಕೊಂಡು ಸುರುಳಿ ಬರೀತೀನಿ. ಎರಡು ಚೀಟಿ ಅದಲು ಬದಲಾಗಿ ಕ್ಷೌರದಂಗಡಿ ಬೋರ್ಡ್ ನಿಮ್ಮ ಬಾಗಿಲಿಗೆ ಏರಿಸಿದ್ದೆನಲ್ಲ, ನೆನಪಿದೆಯಾ? ಒಂದು ವಾರ ಜನ ಸಾಲುಗಟ್ಟಿ ಬಂದು ಕೂತಿದ್ದರು. ನಿಮ್ಮ ಹತ್ತಿರ ಕತ್ತರಿ ಬೇರೆ ಇತ್ತು.

...ಒಬ್ಬನೇ ಬಂದಿದ್ದಾ? ಸರಿ, ಒಬ್ಬ. ಆದರೆ ಕೂತವನೇ 'ಹಿಂದೆ ಸಣ್ಣಗೆ ಮಾಡಿ' ಅಂದನೋ ಇಲ್ಲವೋ? ನೋಡಿ, ನಕ್ಕಿರಿ. ನಿಮ್ಮ ತಂಗಿಯದೂ ಇದೇ ನಗು.

ಎರಡು ತಿಂಗಳಾಯ್ತು, ಅಕ್ಕ. ಇವನ್ನ ಓದೋರು ಇಲ್ಲ. ಅವಳು ಏನು ಓದಿದ್ದಳೋ ನನಗೆ ಬಾಯಿಪಾಠ ಇದೆ, ಆದರೂ ಅವಳ ಅಕ್ಷರದಿಂದಲೇ ಬರಲಿ ಮಾತು. ನಿಮ್ಮ ಬಾಯಿಂದಾದರೂ ಸರಿ. ದನಿ ಒಂದೇ ಥರ ಇದೆ ನಿಮ್ಮಿಬ್ಬರದು. ಬೈಯುವಾಗ ಮಾತ್ರ ನಿಮ್ಮದು ಸ್ವಲ್ಪ ದಪ್ಪ.

ಮೊದಲನೇದು ತಗೊಳ್ಳಿ. ಇದು ಈ ಚಳಿಗಾಲದ ಮೊದಲ ಮಂಜು. ನೀರು ಎಲ್ಲಿ ಮುಗೀತು, ಆಕಾಶ ಎಲ್ಲಿ ಶುರುವಾಯ್ತು ಅಂತ ದೇವರಿಗೂ ಗೊತ್ತಾಗ್ತಿರಲಿಲ್ಲ. ಎಲೆ ಉದುರಿದ ಆ ಮರ ಇದೆಯಲ್ಲ, ಅರ್ಧ ಮರ ಮಾತ್ರ ಬಂದು ನಿಂತಿತ್ತು, ಇನ್ನರ್ಧ ಇನ್ನೂ ಹಾಸಿಗೆಯಲ್ಲಿ. ಇದರ ಹಿಂದೆ ಅವಳು ಬರೆದದ್ದು: 'ಕೆರೆಯೇ ಎದ್ದು ನಮ್ಮ ಮನೆಗೆ ಬಂದ ಹಾಗಿದೆ.' ಓದಿ, ಸರಿಯಾಗಿದೆಯಾ ನೋಡೋಣ.

ಏನಂದ್ರಿ? 'ಡಿಸೆಂಬರ್ ನಾಲ್ಕು. ಮಗು ಥರ ಓಡಿದರು. ಮಫ್ಲರ್ ಮರೆತರು'? ಅಷ್ಟೇನಾ? ಕೆರೆ ಎದ್ದು ಬಂದದ್ದು ಇಲ್ಲವಾ? ಕೆಳಗೆಲ್ಲಾದರೂ ನೋಡಿ. ಮೂಲೆಯಲ್ಲಿ.

ಇಲ್ಲ. ಹೂಂ. ಮರೆತಿರಬೇಕು ಬರೆಯೋಕೆ. ಇನ್ನೊಂದು ತಗೊಳ್ಳಿ, ಈ ಕೊಕ್ಕರೆ. ಇದರ ಕಥೆ ಕೇಳಿ. ಒಂದು ತಾಸು ಅಲ್ಲಾಡದೆ ನಿಂತಿತ್ತು ಪುಣ್ಯಾತ್ಮ. ನಾನು ಕತ್ತು ಬರೆಯೋವಾಗ ಕತ್ತು ಎತ್ತಿತು, ರೆಕ್ಕೆ ಬರೆಯೋವಾಗ ಸ್ವಲ್ಪ ಬಿಚ್ಚಿತು. ಮುಗೀತು ಅಂದೆ, ಹಾರಿ ಹೋಯ್ತು. ಚಳಿ ಹೇಗಿತ್ತು ಅಂದ್ರೆ ಕುಂಚದ ತುದೀಲಿ ನೀಲಿ ಬಣ್ಣ ಗಟ್ಟಿಯಾಗಿ ನಿಂತಿತ್ತು, ಬಾಯಲ್ಲಿಟ್ಟು ಕರಗಿಸಿದೆ. ಮನೆಗೆ ಹೋದಾಗ ನಾಲಿಗೆ ನೋಡಿ ಅವಳು ಬಿದ್ದು ಬಿದ್ದು ನಕ್ಕಳು. ಆ ದಿನ ಓದಿದ್ದು 'ಈ ಹಕ್ಕಿ ಈಗ ಹಾರುತ್ತೆ, ಕಿಟಕಿ ಹಾಕಿ' ಅಂತ.

'ಕೊಕ್ಕರೆಗೆ ಮೂರು ಕಾಲು ಬರೆದಿದ್ದಾರೆ. ಹೇಳಲಿಲ್ಲ'?

ಅಕ್ಕ, ಅದು ಜೊಂಡು. ಕಾಲಲ್ಲ, ಜೊಂಡಿನ ಕಡ್ಡಿ. ನೀವೇ ನೋಡಿ... ಸರಿ, ಕಾಲಿನ ಹಾಗೇ ಕಾಣುತ್ತೆ. ಹೇಳಬಹುದಿತ್ತಲ್ಲ ಕಳ್ಳಿ, ಒರೆಸಿ ಕೊಡ್ತಿದ್ದೆ. ಹಾಗಾದರೆ ಬರೆಯೋದೊಂದು, ಓದೋದೊಂದು. ನಾನೊಬ್ಬನೇ ಮನೇಲಿ ಬುರುಡೆ ಬಿಡೋನು ಅಂದುಕೊಂಡಿದ್ದೆ.

ಓದಿ, ಓದಿ. ಈಗ ರುಚಿ ಹತ್ತಿತು. ಇನ್ನೆಷ್ಟು ಮೋಸ ಮಾಡಿದ್ದಾಳೆ ನೋಡೋಣ. ಇದು ಜೇಡರ ಬಲೆ. ಬೇಲಿಗೆ ನೇತಾಡ್ತಿತ್ತು, ಒಂದೊಂದು ಎಳೆಗೂ ನೀರಿನ ಮಣಿ. ಮಣಿ ಬರೆಯೋದು ಅಂದ್ರೆ ಬಣ್ಣ ಹಚ್ಚೋದಲ್ಲ ಅಕ್ಕ, ಹಚ್ಚದೆ ಬಿಡೋದು. ಸುತ್ತ ಬೂದು ತುಂಬಿ, ಮಣಿಯ ಜಾಗ ಮಾತ್ರ ಹಾಳೆ ಹಾಳೆಯಾಗೇ ಉಳಿಯಬೇಕು. ಉಸಿರು ಹಿಡಿದು ಕೂತಿದ್ದೆ. ಇಡೀ ಬೆಳಗು ಜಗತ್ತಲ್ಲಿ ನನಗೆ ಬೇರೇನೂ ಬೇಡವಾಗಿತ್ತು.

ಓದಿ. ಅಕ್ಷರ ಅಳಿಸಿದೆಯಾ?

'ಜನವರಿ ಎರಡು. ಮೆಟ್ಟಿಲು ಹತ್ತೋಕಾಗಲಿಲ್ಲ. ನಡುವೆ ಕೂತೆ. ಇವರು ಬರೋದರೊಳಗೆ ಉಸಿರು ಸರಿಹೋಯ್ತು.'

...ಮತ್ತೊಂದು ಸಲ ಓದಿ.

ನನಗೆ ಗೊತ್ತಿರಲಿಲ್ಲ. ನಿಮ್ಮಾಣೆ, ಗೊತ್ತಿರಲಿಲ್ಲ. ಅವತ್ತು ನನಗೆ ಓದಿದ್ದು 'ಇಂಥ ಸರ ನನಗ್ಯಾವಾಗ ತರ್ತೀರಿ' ಅಂತ. ನಾನು ಹಲ್ಲು ಕಿರಿದು ಕೂತಿದ್ದೆ. ಡಾಕ್ಟರ್ ಹತ್ತಿರ ಹೋಗಿದ್ದು ಹತ್ತನೇ ತಾರೀಖು ಆದಮೇಲೆ. ಆಗಲೂ 'ಬರೀ ಆಯಾಸ, ಮಾತ್ರೆ ಕೊಟ್ಟಿದ್ದಾರೆ' ಅಂದಳು. ಬೆಳಗ್ಗೆ ನನಗಿಂತ ಮೊದಲು ಎದ್ದು ಫ್ಲಾಸ್ಕ್‌ಗೆ ಚಹಾ ತುಂಬಿಡ್ತಿದ್ದಳು, ಅಕ್ಕ. ಆಯಾಸ ಇರೋರು ಎದ್ದು ಚಹಾ ತುಂಬ್ತಾರಾ, ನೀವೇ ಹೇಳಿ.

ಹೇಳಬೇಡಿ. ಮುಂದಿನದು ಓದಿ.

'ಗೇಟಿನಲ್ಲಿ ಶಿಳ್ಳೆ ಕೇಳಿಸೋವರೆಗೂ ಗಡಿಯಾರ ನೋಡಿದೆ.'

ಹೌದು, ಶಿಳ್ಳೆ ಹೊಡೆದುಕೊಂಡೇ ಬರ್ತಿದ್ದೆ. ಚಿತ್ರ ಚೆನ್ನಾಗಿ ಬಂದ ದಿನ ಜೋರಾಗಿ, ಕೆಟ್ಟ ದಿನ ಮೆಲ್ಲಗೆ. ಗೇಟಿನ ಸದ್ದಿಗೇ ಅವಳಿಗೆ ಗೊತ್ತಾಗ್ತಿತ್ತು ಇವತ್ತು ಏನಾಗಿದೆ ಅಂತ. ಗಡಿಯಾರ ನೋಡ್ತಿದ್ದಳಾ? ನನಗೇನು ಗೊತ್ತು, ನಾನು ಒಳಗೆ ಹೋದಾಗ ತರಕಾರಿ ಹೆಚ್ಚುತ್ತಾ ಇರ್ತಿದ್ದಳು.

ಸಾಕು ಅಕ್ಕ. ಕಟ್ಟಿಬಿಡಿ. ಉಳಿದದ್ದು ಇನ್ನೊಂದು ದಿನ.

ಅದು? ಅದು ಬಿಡಿ. ಕೊನೆಯದು. ಅದರ ಹಿಂದೆ ಏನೂ ಇರಲ್ಲ. ಯಾವುದೋ ಹಳೆಯ ವರ್ಷದ್ದು ಸೇರಿಕೊಂಡಿದೆ. ಹಿಂದೆ ಖಾಲಿ, ಬರೆಯೋಕೆ ಆಗ ಯಾರಿದ್ದರು ಮನೇಲಿ...

ಅಲ್ಲ, ಹಾಗಲ್ಲ. ಅವಳು ಆಗ ನಿಮ್ಮ ಮನೆಗೆ ಬಂದಿರಬೇಕು, ಹೆರಿಗೆಗೋ ಏನಕ್ಕೋ. ತಿರುಗಿಸಬೇಡಿ, ವ್ಯರ್ಥ.

ಏನು ನೋಡ್ತಿದ್ದೀರಿ ಅಷ್ಟು ಹೊತ್ತು, ಖಾಲಿ ಹಾಳೇನ?

ಅಕ್ಕ.

ಇಲ್ಲಿ ಕೊಡಿ. ಬೆಳಕಿಗೆ ಹಿಡೀರಿ... ಇದು ಇಪ್ಪತ್ತೊಂದು. ಅಂಕಿ ನನಗೆ ಓದೋಕೆ ಬರುತ್ತೆ ಅಂದೆನಲ್ಲ. ಎರಡು, ಒಂದು. ಪಕ್ಕದ್ದು ತಿಂಗಳು, ವರ್ಷ. ಅವಳದೇ ಒಂದು, ತಲೆ ಬಗ್ಗಿಸಿದ ಒಂದು. ಇದು ಹೇಗೆ ಬಂತು? ಅವತ್ತು ಸಂಜೆ ಅವಳು... ಅವತ್ತು ಸಂಜೆ ಅವಳು ಇರಲೇ ಇಲ್ಲವಲ್ಲ.

ಓ.

ರಾತ್ರಿನೇ ಬರೆದಿಡ್ತಿದ್ದಳು. ಹೌದಲ್ವಾ? ಮರುದಿನದ ಹಾಳೆ ಹಲಗೆಗೆ ಕ್ಲಿಪ್ ಹಾಕಿಡೋಳು ಅವಳೇ. ಆಗಲೇ ಹಿಂದೆ ತಾರೀಖು ಹಾಕ್ತಿದ್ದಳು, ಸಾಲು ಮಾತ್ರ ಸಂಜೆ. ನಲವತ್ತು ವರ್ಷ ಅವಳ ಬರಹವನ್ನ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದೇನೆ, ನನಗೇ ಗೊತ್ತಿಲ್ಲ. ನೋಡಿ ನನ್ನ ಬುದ್ಧಿ. ಗಂಟೂ ಅವಳದಲ್ಲ, ಸಾಕ್ಷಿನ ನಾನೇ ಕಟ್ಟಿ ಕಂಕುಳಲ್ಲಿಟ್ಟು ಇಲ್ಲಿಗೆ ತಂದಿದ್ದೇನೆ.

ಏನಾದರೂ ಅನ್ನಿ ಅಕ್ಕ. ಬೈಯಿರಿ.

ಹೋಗಿದ್ದೆ. ಸರಿ. ಹೋಗಿದ್ದೆ.

ಕಿಟಕಿ ತೆಗೆದರೆ ಮಂಜು, ಎದುರುಮನೆ ಗೋಡೆ ಕಾಣ್ತಿರಲಿಲ್ಲ. ಇಡೀ ವರ್ಷ ಕಾದಿರ್ತೀನಿ ಅಂಥ ಒಂದು ದಿನಕ್ಕೆ. ತಾಸಿನ ಕೆಲಸ, ಬಂದುಬಿಡ್ತೀನಿ ಅಂದುಕೊಂಡೆ. ಕೆರೆ ಇರಲಿಲ್ಲ, ಅಕ್ಕ. ಮರ ಇರಲಿಲ್ಲ, ನನ್ನ ಕೈ ನನಗೇ ಕಾಣ್ತಿರಲಿಲ್ಲ. ಎಲ್ಲೋ ಒಂದು ನೀರುಹಕ್ಕಿ ಮುಳುಗಿದ ಸದ್ದು, ಅಷ್ಟೇ. ಏನು ಬರೆಯಲಿ, ಏನೂ ಇಲ್ಲ. ಹಾಗೇ ಹಾಳೆ ಒದ್ದೆ ಮಾಡಿ ಕೂತಿದ್ದೆ. ಆಮೇಲೆ ಬಿಸಿಲು ಬಂತು. ಬಂತು ಅಂದ್ರೆ, ಎಲ್ಲಿಂದ ಅಂತಿಲ್ಲ, ಮಂಜಿನ ಒಳಗಿಂದಲೇ ಹಳದಿ ಊರ್ತಾ ಬಂತು. ಒಂದು ತೊಟ್ಟು ಹಳದಿ ಬಿಟ್ಟೆ, ಒದ್ದೆ ಹಾಳೆ ಮೇಲೆ ತಾನೇ ಹರಡಿತು. ನಾನು ಕೈ ಎತ್ತಿಬಿಟ್ಟೆ. ಮತ್ತೆ ಮುಟ್ಟಲಿಲ್ಲ. ನೋಡಿ, ಇದೇ. ಒಣಗಲಿ ಅಂತ ಕಾದೆ. ಆ ಥಂಡೀಲಿ ಎಲ್ಲಿ ಒಣಗುತ್ತೆ. ತಾಸು ಹೋಗಿ ಎರಡು ತಾಸಾಯ್ತು, ಮೂರಾಯ್ತು. ಚಹಾ ಕುಡಿದೆ. ನನಗೆ ಏನೂ ತಿಳೀಲಿಲ್ಲ, ಅಕ್ಕ. ಎದೆ ನಡುಗೋದು, ಎಡಗಣ್ಣು ಹಾರೋದು ಅಂತಾರಲ್ಲ, ಏನೂ ಆಗಲಿಲ್ಲ. ಸಂತೋಷವಾಗಿದ್ದೆ. ಜೀವಮಾನದಲ್ಲಿ ಅಷ್ಟು ಸಂತೋಷವಾಗಿ ಇದ್ದಿಲ್ಲ.

ಶಿಳ್ಳೆ ಬೀದಿ ಕೊನೆಯಿಂದಲೇ ಶುರು ಮಾಡಿದ್ದೆ.

ಕೈ ಹಿಡಿದೆ ನಾನು, ಅದು ಸುಳ್ಳಲ್ಲ. ಹೋದಮೇಲೆ ಹಿಡಿದೆ. ತಣ್ಣಗಿತ್ತು. ನನ್ನದೂ ತಣ್ಣಗಿತ್ತು, ಕೆರೆಯಿಂದ ಬಂದದ್ದಲ್ವಾ, ಅದಕ್ಕೇ ಸ್ವಲ್ಪ ಹೊತ್ತು ಗೊತ್ತೇ ಆಗಲಿಲ್ಲ ಯಾರದು ತಣ್ಣಗೆ ಅಂತ.

ಸುಡಬೇಕು ಅಂತ ಒಲೆ ಹತ್ತಿರ ಎರಡು ಸಲ ಒಯ್ದೆ ಇದನ್ನ. ಆಗಲಿಲ್ಲ. ಚೆನ್ನಾಗಿದೆ, ಅಕ್ಕ. ಅದೇ ಕಷ್ಟ. ನಾನು ಬರೆದದ್ದರಲ್ಲೆಲ್ಲ ಇದೊಂದೇ ಚೆನ್ನಾಗಿರೋದು.

ಏನು? ಏನಾದರೂ ಹೇಳಿದ್ದಳಾ ಅಂತಲಾ ಆ ನೋಟ? ನಾನು ಹೊರಡೋವಾಗ?

ಹೋಗಿ ಬನ್ನಿ ಅಂದಳು. ಮಫ್ಲರ್ ತಾನೇ ಸುತ್ತಿದಳು.

...

ಇವತ್ತೊಂದು ದಿನ ಹೋಗಬೇಡಿ ಅಂದಳು. ಹಾಸಿಗೆಯಲ್ಲೇ ಇದ್ದಳು. ನಾನು ಚಪ್ಪಲಿ ಮೆಟ್ಟಿಯಾಗಿತ್ತು. ಎಂದೂ ಅಂದವಳಲ್ಲ, ನಲವತ್ತು ವರ್ಷದಲ್ಲಿ ಮೊದಲನೇ ಸಲ. ಸುಮ್ಮನೆ ಮುದ್ದಿಗೆ ಅಂತಿದ್ದಾಳೆ ಅಂದುಕೊಂಡೆ. ಒಂದೇ ಸಲ ಅಂದಳು, ಅಕ್ಕ. ಎರಡನೇ ಸಲ ಅಂದಿದ್ರೆ ನಿಂತುಬಿಡ್ತಿದ್ದೆ, ಕೆರೆ ಹಾಳಾಗಿ ಹೋಗಲಿ ಅಂತ.

ಹಾಗೆ ನೋಡಬೇಡಿ.

ನೋಡಬೇಡಿ ಅಂದೆನಲ್ಲ.

ಸರಿ. ಎರಡು ಸಲ.

ಈಗ ಭುಜ ಹಾರಿಸಿದೆ ಅಂತ ಸಿಟ್ಟಾಗಬೇಡಿ. ಇನ್ನೇನು ಮಾಡಲಿ, ಬೇರೇನೂ ಬರಲ್ಲ ನನಗೆ. ಮೆಷಿನ್ ಹಾಕಿ, ಅಕ್ಕ. ಆ ತೋಳು ಅರ್ಧಕ್ಕೇ ನಿಂತಿದೆ.